ಎದುರಾಳಿ ಶತ್ರುವಲ್ಲ

ತುಮಕೂರು ನಗರದ ಅಂಚಿನಲ್ಲಿ ಶೆಟ್ಟಿಹಳ್ಳಿ ಎಂಬ ಊರಿದೆ. ಒಂದು ಕಾಲಕ್ಕೆ ಅದು ಬೇರೆಯೇ ಹಳ್ಳಿಯಾಗಿತ್ತು. ನಗರ ಬೆಳೆಯುತ್ತ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿಯೂ, ಗುಬ್ಬಿ ಕುಣಿಗಲುಗಳ ಕಡೆಯ ಊರುಗಳಲ್ಲಿಯೂ ಶಾಲೆ ಬಿಟ್ಟ ಮೇಲೆ ಮಕ್ಕಳು ಬಯಲಿಗೆ ಓಡುವುದು ನಿತ್ಯದ ನೋಟ. ಮೂರು ಕೋಲು ನೆಟ್ಟರೆ ವಿಕೆಟ್ಟಾಯಿತು. ಚಪ್ಪಲಿ ಬಿಟ್ಟ ಜಾಗ ಎಲ್ಲೆಯಾಯಿತು. ಆಟದ ನಡುವೆ ಒಮ್ಮೆಯಾದರೂ ಜಗಳ ಬಾರದೆ ಇರುವುದಿಲ್ಲ. ಒಬ್ಬ ಔಟಾದೆ ಎನ್ನುತ್ತಾನೆ, ಇನ್ನೊಬ್ಬ ಇಲ್ಲವೆನ್ನುತ್ತಾನೆ. ಕೂಗಾಟವಾಗುತ್ತದೆ. ಕೊನೆಗೆ ಹಿರಿಯ ಹುಡುಗನೊಬ್ಬ ಹೇಳಿದ ಮಾತಿಗೆ ಎಲ್ಲರೂ ಒಪ್ಪಿ ಆಟ ಮುಂದುವರಿಯುತ್ತದೆ. ಮರುದಿನ ತಂಡಗಳು ಬದಲಾಗುತ್ತವೆ. ನಿನ್ನೆ ಎದುರು ನಿಂತವನೇ ಇಂದು ಹೆಗಲಿಗೆ ಹೆಗಲು ಕೊಟ್ಟು ಆಡುತ್ತಾನೆ.

ಈ ಸಣ್ಣ ಸಂಗತಿಯಲ್ಲಿ ಕ್ರೀಡೆಯ ಮೂಲತತ್ತ್ವವೇ ಅಡಗಿದೆ. ಆಟಕ್ಕೆ ಎದುರಾಳಿ ಬೇಕು. ಅವನಿಲ್ಲದೆ ಆಟವೇ ಇಲ್ಲ. ಅವನನ್ನು ಸೋಲಿಸಬೇಕೆಂಬ ಛಲ ಎಷ್ಟೇ ಇರಲಿ, ಅವನು ನಾಳೆಯೂ ಬಯಲಿಗೆ ಬರಬೇಕೆಂಬ ಆಸೆ ಅದರ ಜೊತೆಯಲ್ಲಿಯೇ ಇರುತ್ತದೆ. ಗೆಲ್ಲುವವನೂ ಸೋಲುವವನೂ ಒಂದೇ ನಿಯಮಕ್ಕೆ ತಲೆಬಾಗುತ್ತಾರೆ. ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನರು ಕುಸ್ತಿಗೆ ಇಳಿಯುವ ಮುನ್ನ ಅಖಾಡದ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದೂ, ಎದುರಾಳಿಯ ಕೈ ಹಿಡಿಯುವುದೂ ಈ ಒಪ್ಪಂದದ ಗುರುತುಗಳೇ ಆಗಿವೆ.

ಪ್ರಾಚೀನ ಗ್ರೀಸಿನ ಜನರೂ ಇದನ್ನು ಬಲ್ಲವರಾಗಿದ್ದರು. ಗ್ರೀಸಿನ ನಗರರಾಜ್ಯಗಳು ಸದಾ ಪರಸ್ಪರ ಕಾದಾಡುತ್ತಿದ್ದವು. ಆದರೆ ಒಲಿಂಪಿಯಾದ ಕ್ರೀಡೋತ್ಸವದ ಕಾಲದಲ್ಲಿ ಶಾಂತಿಯ ಘೋಷಣೆಯಾಗುತ್ತಿತ್ತು. ಅಲ್ಲಿಗೆ ಹೋಗಿ ಬರುವ ಕ್ರೀಡಾಪಟುಗಳಿಗೂ ಪ್ರೇಕ್ಷಕರಿಗೂ ದಾರಿಯಲ್ಲಿ ಯಾರೂ ಕೇಡು ಮಾಡಕೂಡದೆಂಬ ಕಟ್ಟಳೆಯಿತ್ತು. ಯುದ್ಧಗಳು ಅದರಿಂದ ಮುಗಿಯಲಿಲ್ಲ ನಿಜ. ಆದರೂ ಹಗೆತನಕ್ಕೆ ಒಂದು ಎಲ್ಲೆಯುಂಟು, ಆ ಎಲ್ಲೆಯ ಒಳಗೆ ಹಗೆಯೂ ಎದುರಾಳಿಯಾಗಿ ಬರಬಹುದು ಎಂಬ ನಂಬಿಕೆ ನೆಲೆಗೊಂಡಿತು. 1896ರಲ್ಲಿ ಅಥೆನ್ಸಿನಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಆರಂಭವಾದಾಗ ಈ ನಂಬಿಕೆಯೇ ಅವುಗಳ ತಳಹದಿಯಾಯಿತು.

ರಾಜಕೀಯ ಉಗ್ರವಾದ ಈ ನಂಬಿಕೆಗೆ ನೇರವಾಗಿ ವಿರುದ್ಧವಾದದ್ದು. ತನ್ನ ಮತವನ್ನು ಒಪ್ಪದವನು ಕೇವಲ ಎದುರಾಳಿಯಲ್ಲ, ಶತ್ರು. ಶತ್ರುವಾದವನು ಬದುಕಲು ಅರ್ಹನಲ್ಲ ಎಂಬುದು ಅದರ ತರ್ಕ. ಇಂತಹ ಗುಂಪುಗಳ ಕಣ್ಣು ಕ್ರೀಡಾಕೂಟಗಳ ಮೇಲೆ ಬೀಳಲು ಕಾರಣವೂ ಸ್ಪಷ್ಟವಾಗಿದೆ. ಅಲ್ಲಿ ಸಾವಿರಾರು ಜನ ಒಂದೆಡೆ ಸೇರಿರುತ್ತಾರೆ. ಯಾವ ದಿನ, ಯಾವ ಹೊತ್ತಿಗೆ, ಯಾವ ಸ್ಥಳದಲ್ಲಿ ಸೇರುತ್ತಾರೆಂಬುದು ಮೊದಲೇ ಎಲ್ಲರಿಗೂ ತಿಳಿದಿರುತ್ತದೆ. ಪ್ರಪಂಚದ ಎಲ್ಲ ಮೂಲೆಗಳಿಂದ ಪತ್ರಕರ್ತರು ಬಂದಿರುತ್ತಾರೆ. ದೂರದರ್ಶನದ ಕ್ಯಾಮರಾಗಳು ಸಿದ್ಧವಾಗಿರುತ್ತವೆ. ಕ್ರೀಡಾಪಟು ತನ್ನ ದೇಶದ ಧ್ವಜವನ್ನು ಎದೆಯ ಮೇಲೆ ಧರಿಸಿ, ಕೈಯಲ್ಲಿ ಯಾವ ಆಯುಧವೂ ಇಲ್ಲದೆ ನಿಂತಿರುತ್ತಾನೆ. ಅವನನ್ನು ಹೊಡೆದರೆ ಒಂದು ದೇಶವನ್ನೇ ಹೊಡೆದಂತೆ ಎಂದು ಉಗ್ರವಾದಿ ಎಣಿಸುತ್ತಾನೆ. ಗಾಯಗೊಂಡವರಿಗಿಂತ ಹೆಚ್ಚಾಗಿ, ನೋಡುತ್ತಿರುವವರಲ್ಲಿ ಭಯ ಹುಟ್ಟಿಸುವುದೇ ಅವನ ಗುರಿ.

ಇದರ ಘೋರ ರೂಪವನ್ನು ಜಗತ್ತು 1972ರಲ್ಲಿ ಕಂಡಿತು. ಆ ವರ್ಷದ ಒಲಿಂಪಿಕ್ ಕ್ರೀಡೆಗಳು ಪಶ್ಚಿಮ ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಡೆದವು. 1936ರ ಬರ್ಲಿನ್ ಕ್ರೀಡೆಗಳು ಹಿಟ್ಲರನ ಆಡಳಿತದ ನೆರಳಿನಲ್ಲಿ ನಡೆದಿದ್ದುವು. ಆ ಕಹಿ ನೆನಪನ್ನು ಅಳಿಸಬೇಕೆಂದು ಸಂಘಟಕರು ಎಲ್ಲೆಡೆ ಸಲಿಗೆಯ, ಸಂತಸದ ವಾತಾವರಣವನ್ನು ಮೂಡಿಸಿದ್ದರು. ಕ್ರೀಡಾಗ್ರಾಮದ ಕಾವಲು ಸಡಿಲವಾಗಿಯೇ ಇತ್ತು. ಭಾರತದ ಹಾಕಿ ತಂಡದಲ್ಲಿ ಕೊಡಗಿನ ಎಂ. ಪಿ. ಗಣೇಶ್ ಮತ್ತು ಬಿ. ಪಿ. ಗೋವಿಂದ ಅವರಿದ್ದರು. ಅವರಂತೆಯೇ ಅನೇಕ ದೇಶ, ಊರುಗಳ ಯುವಕ ಯುವತಿಯರು ಆ ಗ್ರಾಮದಲ್ಲಿ ತಂಗಿದ್ದರು.

ಸೆಪ್ಟೆಂಬರ್ 5ರ ಬೆಳಗಿನ ಜಾವ ಪ್ಯಾಲೆಸ್ಟೀನಿನ 'ಬ್ಲ್ಯಾಕ್ ಸೆಪ್ಟೆಂಬರ್' ಎಂಬ ಗುಂಪಿನ ಎಂಟು ಮಂದಿ ಬಂದೂಕುಧಾರಿಗಳು ಕ್ರೀಡಾಗ್ರಾಮದ ಬೇಲಿಯನ್ನು ಹತ್ತಿ ಒಳನುಗ್ಗಿದರು. ಇಸ್ರೇಲಿನ ಕ್ರೀಡಾಪಟುಗಳು ತಂಗಿದ್ದ ಕೊಠಡಿಗಳಿಗೆ ಹೊಕ್ಕು, ಇಬ್ಬರನ್ನು ಕೊಂದು ಒಂಬತ್ತು ಮಂದಿಯನ್ನು ಒತ್ತೆಯಾಗಿ ಹಿಡಿದರು. ಇಸ್ರೇಲಿನ ಸೆರೆಯಲ್ಲಿದ್ದ ಇನ್ನೂರಕ್ಕೂ ಹೆಚ್ಚು ಕೈದಿಗಳನ್ನು ಬಿಡಬೇಕೆಂಬುದು ಅವರ ಬೇಡಿಕೆ. ದಿನವಿಡೀ ಮಾತುಕತೆ ನಡೆಯಿತು. ರಾತ್ರಿ ಫ್ಯೂರ್‌ಸ್ಟೆನ್‌ಫೆಲ್ಡ್‌ಬ್ರುಕ್ ವಿಮಾನ ನೆಲೆಯಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಪೊಲೀಸರು ಮಾಡಿದ ಪ್ರಯತ್ನ ವಿಫಲವಾಗಿ ಒಂಬತ್ತು ಮಂದಿಯೂ ಸತ್ತರು. ಹೀಗೆ ಇಸ್ರೇಲಿನ ಹನ್ನೊಂದು ಮಂದಿ ಕ್ರೀಡಾಪಟುಗಳೂ ತರಬೇತುದಾರರೂ, ಜರ್ಮನಿಯ ಒಬ್ಬ ಪೊಲೀಸ್ ಅಧಿಕಾರಿಯೂ ಪ್ರಾಣ ಕಳೆದುಕೊಂಡರು. ದಾಳಿಕೋರರಲ್ಲಿ ಐವರು ಹತರಾದರು. ಓಟದ ಕಾಲ, ನೆಗೆತದ ಎತ್ತರಗಳ ವರದಿಗೆಂದು ಬಂದಿದ್ದವರು ಸಾವಿನ ವರದಿಯನ್ನು ಕಳುಹಿಸಬೇಕಾಯಿತು.

ಆಗ ಒಂದು ಕಠಿಣ ಪ್ರಶ್ನೆ ಎದ್ದಿತು. ಇಷ್ಟಾದ ಮೇಲೂ ಆಟ ಮುಂದುವರಿಯಬೇಕೆ? ಕ್ರೀಡೆಗಳನ್ನು ಸುಮಾರು 34 ಗಂಟೆಗಳ ಕಾಲ ನಿಲ್ಲಿಸಲಾಯಿತು. ಸೆಪ್ಟೆಂಬರ್ 6ರಂದು ಮುಖ್ಯ ಕ್ರೀಡಾಂಗಣದಲ್ಲಿ ಶೋಕಸಭೆ ಸೇರಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಏವರಿ ಬ್ರಂಡೇಜ್ ಕ್ರೀಡೆಗಳು ಮುಂದುವರಿಯಲೇಬೇಕೆಂದು ಸಾರಿದರು. ಕೆಲವರು ಅದನ್ನು ಧೈರ್ಯವೆಂದರು. ಬಂದೂಕು ಹಿಡಿದವರು ಜಗತ್ತಿನ ಕಾರ್ಯಕ್ರಮವನ್ನು ನಿರ್ಣಯಿಸಬಾರದು ಎಂಬುದು ಅವರ ವಾದ. ಇನ್ನು ಕೆಲವರು ಅದನ್ನು ಹೃದಯಹೀನತೆಯೆಂದರು. ಸತ್ತವರ ಮನೆಯಲ್ಲಿ ಗೋಳು ಅಡಗುವ ಮುನ್ನವೇ ಜಯಘೋಷ ಮೊಳಗುವುದು ಅವರಿಗೆ ಸಹಿಸದಾಯಿತು. ಎರಡು ಮಾತಿನಲ್ಲಿಯೂ ಸತ್ಯವಿದೆ. ಭಾರತದ ಹಾಕಿ ತಂಡ ಮತ್ತೆ ಕಣಕ್ಕಿಳಿದು, ಸೆಮಿಫೈನಲಿನಲ್ಲಿ ಪಾಕಿಸ್ತಾನಕ್ಕೆ ಸೋತು, ನೆದರ್ಲೆಂಡ್ಸನ್ನು ಮಣಿಸಿ ಕಂಚಿನ ಪದಕ ಪಡೆಯಿತು. ಆದರೆ ಮಡಿದವರ ಕುಟುಂಬಗಳು ಒಲಿಂಪಿಕ್ ಉದ್ಘಾಟನೆಯಲ್ಲಿ ಒಂದು ನಿಮಿಷದ ಮೌನಕ್ಕಾಗಿ ದಶಕಗಳ ಕಾಲ ಕೇಳಿಕೊಳ್ಳಬೇಕಾಯಿತು. ಅದು ಈಡೇರಿದ್ದು 2021ರಲ್ಲಿ, ಟೋಕಿಯೊ ಕ್ರೀಡೆಗಳ ಉದ್ಘಾಟನೆಯ ದಿನ. ಆಟವನ್ನು ಮುಂದುವರಿಸುವುದು ತಪ್ಪಲ್ಲದೆ ಇರಬಹುದು. ಮಡಿದವರನ್ನು ಮರೆತು ಮುಂದುವರಿಸುವುದು ಮಾತ್ರ ತಪ್ಪು ಎಂಬುದನ್ನು ಈ 49 ವರ್ಷಗಳ ಕಾಯುವಿಕೆ ತಿಳಿಸುತ್ತದೆ.

ಮ್ಯೂನಿಕ್ ದೂರದ ಊರು. ಆದರೆ ಅದೇ ಪ್ರಶ್ನೆ ಮುಂದೆ ಭಾರತದ ನೆರೆಯಲ್ಲಿಯೂ, ಕೊನೆಗೆ ಕರ್ನಾಟಕದ ರಾಜಧಾನಿಯಲ್ಲಿಯೂ ಎದುರಾಯಿತು. ಬೆಂಗಳೂರಿನ ಅನಿಲ್ ಕುಂಬ್ಳೆಯವರ ಕ್ರೀಡಾಜೀವನವನ್ನು ಹಿಂಬಾಲಿಸಿದರೆ ಈ ಕಥೆಯ ಹಲವು ಘಟ್ಟಗಳು ಕಾಣಸಿಗುತ್ತವೆ. ಕಾಸರಗೋಡು ಜಿಲ್ಲೆಯ ಕುಂಬಳೆ ಊರಿನ ಹೆಸರನ್ನು ಹೊತ್ತ ಈ ಲೆಗ್‌ಸ್ಪಿನ್ ಬೌಲರ್ ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್ಟುಗಳನ್ನು ಪಡೆದವರು.

1996ರ ವಿಶ್ವಕಪ್ ಕ್ರಿಕೆಟ್ ಪಂದ್ಯಾವಳಿಯನ್ನು ಭಾರತ, ಪಾಕಿಸ್ತಾನ, ಶ್ರೀಲಂಕಾ ಮೂರೂ ದೇಶಗಳು ಕೂಡಿ ನಡೆಸುವುದೆಂದು ತೀರ್ಮಾನವಾಗಿತ್ತು. ಪಂದ್ಯಾವಳಿಗೆ ಎರಡು ವಾರಗಳಿರುವಾಗ, ಜನವರಿ 31ರಂದು, ತಮಿಳು ಈಳಂ ವಿಮೋಚನಾ ಹುಲಿಗಳ ಗುಂಪು ಕೊಲಂಬೊ ನಗರದ ಕೇಂದ್ರ ಬ್ಯಾಂಕಿಗೆ ಸ್ಫೋಟಕ ತುಂಬಿದ ಲಾರಿಯನ್ನು ನುಗ್ಗಿಸಿತು. ಸುಮಾರು ತೊಂಬತ್ತು ಮಂದಿ ಸತ್ತು ನೂರಾರು ಜನ ಗಾಯಗೊಂಡರು. ಆಸ್ಟ್ರೇಲಿಯ ಮತ್ತು ವೆಸ್ಟ್ ಇಂಡೀಸ್ ತಂಡಗಳು ಕೊಲಂಬೊಕ್ಕೆ ಹೋಗಲಾರೆವೆಂದು ಹಿಂದೆಗೆದುವು. ತಮ್ಮ ಆಟಗಾರರ ಪ್ರಾಣದ ಬಗ್ಗೆ ಅವರು ಪಟ್ಟ ಭಯವನ್ನು ಹಳಿಯುವಂತಿಲ್ಲ. ಆಗ ಭಾರತ ಮತ್ತು ಪಾಕಿಸ್ತಾನದ ಆಟಗಾರರು ಕೂಡಿ ಒಂದೇ ತಂಡವಾಗಿ ಕೊಲಂಬೊಕ್ಕೆ ಹೋದರು. ಫೆಬ್ರವರಿ 13ರಂದು ಅಜರುದ್ದೀನ್, ವಾಸಿಂ ಅಕ್ರಂ, ಸಚಿನ್ ತೆಂಡೂಲ್ಕರ್, ಅನಿಲ್ ಕುಂಬ್ಳೆ ಮುಂತಾದವರಿದ್ದ ಆ ತಂಡ ಶ್ರೀಲಂಕಾದ ವಿರುದ್ಧ ಸ್ನೇಹಪಂದ್ಯವನ್ನಾಡಿತು. ಯುದ್ಧಗಳನ್ನು ಮಾಡಿದ್ದ ಎರಡು ದೇಶಗಳ ಆಟಗಾರರು ಮೂರನೆಯ ದೇಶದ ಸಂಕಟದ ಕಾಲದಲ್ಲಿ ಒಂದೇ ತಂಡವಾಗಿ ಆಡಿದ ಆ ದಿನವನ್ನು ಕ್ರಿಕೆಟ್ಟಿನ ಇತಿಹಾಸ ಗೌರವದಿಂದ ನೆನೆಯುತ್ತದೆ.

ಅದಾದ ಒಂದು ತಿಂಗಳೊಳಗೆ, ಮಾರ್ಚ್ 9ರಂದು, ಅದೇ ಭಾರತ ಪಾಕಿಸ್ತಾನಗಳು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ವಾರ್ಟರ್ ಫೈನಲ್ ಪಂದ್ಯಕ್ಕೆ ಎದುರಾದುವು. ಭಾರತದ ಪರವಾಗಿ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಎಂಬ ಮೂವರು ಕನ್ನಡಿಗರು ಬೌಲ್ ಮಾಡಿದರು. ಭಾರತ 39 ಓಟಗಳಿಂದ ಗೆದ್ದಿತು. ಪಾಕಿಸ್ತಾನದ ಹಿರಿಯ ಆಟಗಾರ ಜಾವೇದ್ ಮಿಯಾಂದಾದ್ ತಮ್ಮ ಕೊನೆಯ ಅಂತರರಾಷ್ಟ್ರೀಯ ಪಂದ್ಯವನ್ನಾಡಿದ್ದು ಅಂದೇ. ಮೈದಾನದಲ್ಲಿ ಮಾತಿಗೆ ಮಾತು ಬೆಳೆದಿತ್ತು, ಛಲಕ್ಕೆ ಕೊರತೆಯಿರಲಿಲ್ಲ. ಆದರೆ ಕೊಲಂಬೊದಲ್ಲಿ ಜೊತೆಗಾರರಾಗಿದ್ದವರು ಇಲ್ಲಿ ಎದುರಾಳಿಗಳಾದರೇ ಹೊರತು ಶತ್ರುಗಳಾಗಲಿಲ್ಲ.

ಉಗ್ರವಾದ ಎಂದೊಡನೆ ಅದು ಹೊರಗಿನಿಂದ ಬರುವ ಪಿಡುಗು ಎಂದು ತಿಳಿಯುವವರುಂಟು. ದೇಶಪ್ರೇಮದ ಹೆಸರಿನಲ್ಲಿಯೂ ಅದು ತಲೆಯೆತ್ತಬಲ್ಲದು. 1999ರ ಜನವರಿಯಲ್ಲಿ ಪಾಕಿಸ್ತಾನದ ತಂಡ ಭಾರತದ ಪ್ರವಾಸಕ್ಕೆ ಬರುವುದಿತ್ತು. ಅದನ್ನು ವಿರೋಧಿಸಿ ಶಿವಸೇನೆಯ ಕಾರ್ಯಕರ್ತರು ದೆಹಲಿಯ ಫಿರೋಜ್ ಶಾ ಕೋಟ್ಲಾ ಮೈದಾನಕ್ಕೆ ನುಗ್ಗಿ ಪಿಚ್ಚನ್ನು ಅಗೆದುಹಾಕಿದರು. ಮುಂಬಯಿಯಲ್ಲಿದ್ದ ಕ್ರಿಕೆಟ್ ಮಂಡಳಿಯ ಕಚೇರಿಯಲ್ಲಿಯೂ ದಾಂಧಲೆ ನಡೆಯಿತು. ನೆರೆಯ ದೇಶದ ಸರ್ಕಾರದ ನೀತಿಯನ್ನು ಖಂಡಿಸುವ ಹಕ್ಕು ಪ್ರಜಾಪ್ರಭುತ್ವದಲ್ಲಿ ಯಾರಿಗೂ ಉಂಟು. ಸಭೆ ಸೇರಬಹುದು, ಬರೆಯಬಹುದು, ಪಂದ್ಯವನ್ನು ನೋಡದೆ ದೂರ ಉಳಿಯಬಹುದು. ಆದರೆ ಗುದ್ದಲಿ ಹಿಡಿದು, ಬೆದರಿಕೆ ಹಾಕಿ, ಇತರರು ಆಡುವುದನ್ನೂ ನೋಡುವುದನ್ನೂ ತಡೆಯುವುದು ಮತದ ಪ್ರಕಟಣೆಯಲ್ಲ, ಬಲಾತ್ಕಾರ. ಪ್ರಾಣಹಾನಿಯ ದೃಷ್ಟಿಯಿಂದ ಪಿಚ್ಚನ್ನು ಅಗೆಯುವುದಕ್ಕೂ ಬಾಂಬಿಡುವುದಕ್ಕೂ ಅಜಗಜಾಂತರವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ತನಗೆ ಒಪ್ಪಿಗೆಯಿಲ್ಲದ ಆಟ ಯಾರಿಗೂ ಬೇಡವೆಂಬ ಹಟ ಎರಡರಲ್ಲಿಯೂ ಇದೆ.

ದೆಹಲಿಯ ಪಿಚ್ ಹಾಳಾದುದರಿಂದ ಮೊದಲ ಟೆಸ್ಟನ್ನು ಚೆನ್ನೈಯಲ್ಲಿ ಆಡಿಸಲಾಯಿತು. ಜನವರಿ 31ರಂದು ಭಾರತ ಕೇವಲ 12 ಓಟಗಳಿಂದ ಸೋತಿತು. ಕೈಗೆ ಬಂದ ಜಯ ಜಾರಿಹೋದ ಆ ಗಳಿಗೆಯಲ್ಲಿ ಚೆನ್ನೈಯ ಪ್ರೇಕ್ಷಕರು ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಗೆದ್ದ ತಂಡ ಮೈದಾನವನ್ನು ಸುತ್ತಿ ಬಂದು ಆ ಗೌರವವನ್ನು ಸ್ವೀಕರಿಸಿತು. ಅಗೆದ ಪಿಚ್ಚಿಗೆ ದೊರೆತ ಮೊದಲ ಉತ್ತರ ಅದು. ಎರಡನೆಯ ಉತ್ತರ ದೆಹಲಿಯಲ್ಲಿಯೇ ದೊರೆಯಿತು. ಕೆಲಸಗಾರರು ಪಿಚ್ಚನ್ನು ಸರಿಪಡಿಸಿದರು. ಎರಡನೆಯ ಟೆಸ್ಟ್ ಅದೇ ಕೋಟ್ಲಾ ಮೈದಾನದಲ್ಲಿ ನಡೆಯಿತು. ಫೆಬ್ರವರಿ 7ರಂದು ಕುಂಬ್ಳೆ ಪಾಕಿಸ್ತಾನದ ಎರಡನೆಯ ಇನ್ನಿಂಗ್ಸಿನ ಹತ್ತೂ ವಿಕೆಟ್ಟುಗಳನ್ನು 74 ಓಟಗಳಿಗೆ ಪಡೆದರು. ಟೆಸ್ಟ್ ಇತಿಹಾಸದಲ್ಲಿ ಅದಕ್ಕೆ ಮೊದಲು ಆ ಸಾಧನೆ ಮಾಡಿದ್ದವರು ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಪಂದ್ಯ ನಡೆಯಕೂಡದೆಂದು ಅಗೆದ ನೆಲದ ಮೇಲೆಯೇ ಭಾರತದ ಕ್ರಿಕೆಟ್ಟಿನ ಒಂದು ಅಪೂರ್ವ ಸಾಧನೆ ಮೂಡಿಬಂದಿತು. ಆ ಹಟ ಗೆದ್ದಿದ್ದರೆ ದೇಶಕ್ಕೆ ಈ ಹೆಮ್ಮೆಯ ದಿನವೂ ಇರುತ್ತಿರಲಿಲ್ಲ.

ಎಲ್ಲ ಕಥೆಗಳೂ ಹೀಗೆ ಶುಭವಾಗಿ ಮುಗಿಯುವುದಿಲ್ಲ. 1996ರಲ್ಲಿ ಶ್ರೀಲಂಕಾ ವಿಶ್ವಕಪ್ಪನ್ನು ಗೆದ್ದಿದ್ದು ಪಾಕಿಸ್ತಾನದ ಲಾಹೋರಿನ ಗಡಾಫಿ ಕ್ರೀಡಾಂಗಣದಲ್ಲಿ. ಹದಿಮೂರು ವರ್ಷಗಳ ಅನಂತರ, 2009ರ ಮಾರ್ಚ್ 3ರಂದು, ಅದೇ ದೇಶದ ತಂಡ ಟೆಸ್ಟ್ ಪಂದ್ಯದ ಮೂರನೆಯ ದಿನದ ಆಟಕ್ಕಾಗಿ ಅದೇ ಕ್ರೀಡಾಂಗಣಕ್ಕೆ ಬಸ್ಸಿನಲ್ಲಿ ಹೋಗುತ್ತಿತ್ತು. ಹತ್ತಿರದ ವೃತ್ತದಲ್ಲಿ ಹೊಂಚುಹಾಕಿದ್ದ ಬಂದೂಕುಧಾರಿಗಳು ಗುಂಡಿನ ಮಳೆಗರೆದರು. ಬಸ್ಸಿನ ಚಾಲಕ ಮೆಹರ್ ಮೊಹಮ್ಮದ್ ಖಲೀಲ್ ಧೃತಿಗೆಡಲಿಲ್ಲ. ಗುಂಡುಗಳ ನಡುವೆಯೇ ಬಸ್ಸನ್ನು ಓಡಿಸಿ ಕ್ರೀಡಾಂಗಣದ ಒಳಗೆ ಸೇರಿಸಿದರು. ಆಟಗಾರರ ಪ್ರಾಣ ಉಳಿಯಿತು, ಹಲವರು ಗಾಯಗೊಂಡರು. ಅವರಿಗೆ ಕಾವಲಾಗಿ ಬಂದಿದ್ದ ಆರು ಮಂದಿ ಪಾಕಿಸ್ತಾನಿ ಪೊಲೀಸರೂ ಇಬ್ಬರು ನಾಗರಿಕರೂ ಬಲಿಯಾದರು. ತೊಡೆಗೆ ಗುಂಡು ಹೊಕ್ಕ ತಿಲಾನ್ ಸಮರವೀರ ಕೆಲವೇ ತಿಂಗಳಲ್ಲಿ ಮತ್ತೆ ಟೆಸ್ಟ್ ಆಡಿ ಶತಕ ಬಾರಿಸಿದರು. ಆದರೆ ಪಾಕಿಸ್ತಾನದ ಮೈದಾನಗಳ ಗಾಯ ಬೇಗ ಮಾಯಲಿಲ್ಲ. 2011ರ ವಿಶ್ವಕಪ್ಪಿನ ಆತಿಥ್ಯ ಆ ದೇಶದ ಕೈತಪ್ಪಿತು. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿ ಒಂದು ಟೆಸ್ಟ್ ಪಂದ್ಯವೂ ನಡೆಯಲಿಲ್ಲ. ಆ ಊರುಗಳ ಒಂದು ತಲೆಮಾರಿನ ಮಕ್ಕಳು ತಮ್ಮ ನೆಲದಲ್ಲಿ ಟೆಸ್ಟ್ ಪಂದ್ಯ ನೋಡದೆಯೇ ಬೆಳೆದರು. 2019ರ ಡಿಸೆಂಬರಿನಲ್ಲಿ ಆ ಕೊರತೆಯನ್ನು ಕಳೆದು ಮತ್ತೆ ಟೆಸ್ಟ್ ಆಡಲು ಬಂದ ತಂಡ ಯಾವುದು? ಗುಂಡೇಟು ತಿಂದಿದ್ದ ಶ್ರೀಲಂಕಾದ್ದೇ.

ಲಾಹೋರಿನ ದಾಳಿಯಾದ ಮರುವರ್ಷ ಬೆಂಗಳೂರಿನ ಸರದಿ ಬಂದಿತು. 2010ರ ಏಪ್ರಿಲ್ 17, ಶನಿವಾರ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಂದು ಐಪಿಎಲ್ ಪಂದ್ಯಾವಳಿಯ ಬೆಂಗಳೂರು ಮತ್ತು ಮುಂಬಯಿ ತಂಡಗಳ ಪಂದ್ಯವಿತ್ತು. ಅದು ದೇಶದೊಳಗಿನ ಪಂದ್ಯಾವಳಿಯಾದರೂ ಹಲವು ರಾಷ್ಟ್ರಗಳ ಆಟಗಾರರು ಅದರಲ್ಲಿ ಆಡುತ್ತಿದ್ದರು. ಜಗತ್ತಿನ ಅನೇಕ ದೇಶಗಳಲ್ಲಿ ಜನ ಅದನ್ನು ನೋಡುತ್ತಿದ್ದರು. ಬೆಂಗಳೂರಿನ ನಾಯಕರು ಅನಿಲ್ ಕುಂಬ್ಳೆ. ಮುಂಬಯಿಯ ನಾಯಕರು ಸಚಿನ್ ತೆಂಡೂಲ್ಕರ್. ಸಂಜೆ ನಾಲ್ಕು ಗಂಟೆಗೆ ಆಟ ಆರಂಭವಾಗಬೇಕಿತ್ತು. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು ದೂರದ ತುಮಕೂರಿನಂತಹ ಊರುಗಳಲ್ಲಿ ಟಿಕೆಟ್ಟು ಸಿಗದ ಅಭಿಮಾನಿಗಳಿಗೆ ಮನೆಯ ದೂರದರ್ಶನವೇ ಗ್ಯಾಲರಿಯಾಗಿತ್ತು.

ಜನ ಒಳಗೆ ಸೇರುತ್ತಿದ್ದ ಹೊತ್ತಿನಲ್ಲಿ ಕ್ರೀಡಾಂಗಣದ ಹೊರಗೋಡೆಯ ಬಳಿ ಸ್ಫೋಟವಾಯಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸ್ಫೋಟ ಸಂಭವಿಸಿತು. ಕಾವಲಿಗಿದ್ದ ಪೊಲೀಸರೂ ಸೇರಿ ಹತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಯಾರ ಪ್ರಾಣವೂ ಹೋಗಲಿಲ್ಲವೆಂಬುದೇ ಸಮಾಧಾನ. ಸಿಡಿಯದೆ ಉಳಿದಿದ್ದ ಬಾಂಬುಗಳೂ ಹುಡುಕಾಟದಲ್ಲಿ ಸಿಕ್ಕಿದುವು. ಅವು ಸಿಡಿದಿದ್ದರೆ ಅನಾಹುತ ಎಷ್ಟಾಗುತ್ತಿತ್ತೋ ಹೇಳಲಾಗದು. ಅಧಿಕಾರಿಗಳು ಸ್ಥಳವನ್ನು ಪರೀಕ್ಷಿಸಿದರು. ಪಂದ್ಯ ಸುಮಾರು ಒಂದು ಗಂಟೆ ತಡವಾಗಿ ಆರಂಭವಾಯಿತು. ಮುಂಬಯಿ ತಂಡ ಗೆದ್ದಿತು.

ಮ್ಯೂನಿಕ್ಕಿನಲ್ಲಿ ಎದ್ದಿದ್ದ ಪ್ರಶ್ನೆ ಇಲ್ಲಿಯೂ ಎದ್ದಿತು. ಸಾವಿರಾರು ಜನ ಒಮ್ಮೆಗೇ ಬಾಗಿಲುಗಳ ಕಡೆ ನುಗ್ಗಿದ್ದರೆ ನೂಕುನುಗ್ಗಲಿನಲ್ಲಿಯೇ ಪ್ರಾಣಗಳು ಹೋಗಬಹುದಿತ್ತು. ಆದುದರಿಂದ ಆಡಿದ್ದೇ ಸರಿ ಎನ್ನಬಹುದು. ಇನ್ನೂ ಬಾಂಬುಗಳಿರಬಹುದಾದ ಜಾಗದಲ್ಲಿ ಅಷ್ಟು ಜನರನ್ನು ಕೂರಿಸಿದ್ದು ಅಪಾಯವಲ್ಲವೆ ಎಂದೂ ಕೇಳಬಹುದು. ಅಂದು ಆಡಿದರೂ, ಮುಂದಿನ ವಾರ ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಎರಡು ಸೆಮಿಫೈನಲ್ ಪಂದ್ಯಗಳನ್ನು ನವಿಮುಂಬಯಿಗೆ ಸ್ಥಳಾಂತರಿಸಲಾಯಿತು. ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ ಮುಂದುವರಿಸುವ ನಿರ್ಧಾರವೂ ಹಿಂದೆಗೆಯುವ ನಿರ್ಧಾರವೂ ಆದುವು. ಇದಕ್ಕೆ ಎಲ್ಲ ಕಾಲಕ್ಕೂ ಸಲ್ಲುವ ಒಂದೇ ಉತ್ತರವಿಲ್ಲ. ಭಂಡಧೈರ್ಯವೂ ಅಲ್ಲ, ಭಯವೂ ಅಲ್ಲ. ಜನರ ಪ್ರಾಣವನ್ನು ಮುಂದಿಟ್ಟುಕೊಂಡು, ಆಯಾ ಗಳಿಗೆಯ ವಿಷಯವನ್ನು ತಿಳಿದು ತೀರ್ಮಾನಿಸುವುದೇ ವಿವೇಕ.

ಬಾಂಬಿನ ಸದ್ದು ಅಡಗಿದ ಮೇಲೆ ಇನ್ನೊಂದು ಪರೀಕ್ಷೆ ಆರಂಭವಾಗುತ್ತದೆ. ಜನರ ಮನಸ್ಸಿನಲ್ಲಿ ಸಂಶಯ ಮೊಳೆಯುತ್ತದೆ. ಯಾರೋ ಕೆಲವರು ಮಾಡಿದ ದುಷ್ಕೃತ್ಯಕ್ಕೆ ಒಂದು ಇಡೀ ಸಮುದಾಯವನ್ನು, ಒಂದು ಭಾಷೆಯವರನ್ನು, ಒಂದು ಊರಿನವರನ್ನು ಹೊಣೆಮಾಡುವ ಮಾತು ಕೇಳಿಬರುತ್ತದೆ. ಉಗ್ರವಾದಿಗೆ ಬೇಕಾಗಿರುವುದೂ ಅದೇ. ನೆರೆಯವನು ನೆರೆಯವನನ್ನು ಶತ್ರುವೆಂದು ನೋಡತೊಡಗಿದರೆ ಅವನ ಕೆಲಸ ಮುಗಿಯಿತು. ಬೆಂಗಳೂರಿನ ಪ್ರಕರಣದಲ್ಲಿ ಪೊಲೀಸರು 'ಇಂಡಿಯನ್ ಮುಜಾಹಿದೀನ್' ಎಂಬ ಸಂಘಟನೆಗೆ ಸೇರಿದವರ ಮೇಲೆ ಆರೋಪ ಹೊರಿಸಿದರು. ವಿಚಾರಣೆ ವರ್ಷಗಟ್ಟಲೆ ನಡೆಯಿತು. 2018ರಲ್ಲಿ, ತಪ್ಪೊಪ್ಪಿಕೊಂಡ ಕೆಲವು ಆರೋಪಿಗಳಿಗೆ ನ್ಯಾಯಾಲಯ ಸೆರೆವಾಸದ ಶಿಕ್ಷೆ ವಿಧಿಸಿತು. ನ್ಯಾಯದ ನಡಿಗೆ ನಿಧಾನವೆಂದು ಬೇಸರವಾಗುವುದು ಸಹಜ. ಆದರೆ ಸಾಕ್ಷ್ಯವನ್ನು ಕೇಳಿ, ಒಬ್ಬೊಬ್ಬನ ತಪ್ಪನ್ನು ಬೇರೆಬೇರೆಯಾಗಿ ಅಳೆದು ಶಿಕ್ಷಿಸುವುದು ಕಾನೂನು. ಹೆಸರನ್ನೋ ವೇಷವನ್ನೋ ನೋಡಿ ದ್ವೇಷಿಸುವುದು ಉಗ್ರವಾದಿಯದೇ ದಾರಿ. ಆಟದಲ್ಲಿ ತೀರ್ಪುಗಾರನಿಗೆ ಇರುವ ಸ್ಥಾನ ಸಮಾಜದಲ್ಲಿ ನ್ಯಾಯಾಲಯಕ್ಕೆ ಇದೆ.

ಬೆಂಗಳೂರು ಬಹುಕಾಲ ಅಂಜಿ ಕೂರಲಿಲ್ಲ. ಸ್ಫೋಟವಾದ ಆರು ತಿಂಗಳೊಳಗೆ, 2010ರ ಅಕ್ಟೋಬರಿನಲ್ಲಿ, ಅದೇ ಕ್ರೀಡಾಂಗಣದಲ್ಲಿ ಭಾರತ ಆಸ್ಟ್ರೇಲಿಯಗಳ ಟೆಸ್ಟ್ ಪಂದ್ಯ ನಡೆದು, ತೆಂಡೂಲ್ಕರ್ ದ್ವಿಶತಕ ಬಾರಿಸಿದರು. 2011ರ ಫೆಬ್ರವರಿ 27ರಂದು ವಿಶ್ವಕಪ್ಪಿನ ಭಾರತ ಇಂಗ್ಲೆಂಡ್ ಪಂದ್ಯ ಅಲ್ಲಿಯೇ ನಡೆಯಿತು. ಎರಡೂ ತಂಡಗಳು 338 ಓಟಗಳನ್ನು ಗಳಿಸಿ ಪಂದ್ಯ ಸಮವಾಯಿತು. ಮೂರು ದಿನಗಳ ಮೇಲೆ, ಮಾರ್ಚ್ 2ರಂದು, ಪುಟ್ಟ ಐರ್ಲೆಂಡ್ ತಂಡ ಬಲಿಷ್ಠ ಇಂಗ್ಲೆಂಡನ್ನು ಸೋಲಿಸಿತು. ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ಶತಕ ಪೂರೈಸಿದರು. ಹಿಂದಿನ ವರ್ಷ ಸಿಡಿಮದ್ದಿನ ಹೊಗೆ ಎದ್ದಿದ್ದ ಗೋಡೆಯೊಳಗೆ ಜನ ತಮಗೆ ಸಂಬಂಧವೇ ಇಲ್ಲದ ದೂರದ ನಾಡಿನ ಗೆಲುವಿಗೆ ಸಂತೋಷಪಟ್ಟರು.

ಈ ಮರಳುವಿಕೆ ತಾನಾಗಿ ಆದುದಲ್ಲ. ಅದರ ಹಿಂದೆ ಸಾವಿರಾರು ಜನರ ಎಚ್ಚರವಿದೆ. ಬಾಗಿಲಲ್ಲಿ ಚೀಲಗಳನ್ನು ತಪಾಸಣೆ ಮಾಡುವ ಪೇದೆ, ಮೂಸಿ ನೋಡುವ ಶ್ವಾನದಳ, ಬಾಂಬನ್ನು ನಿಷ್ಕ್ರಿಯಗೊಳಿಸುವ ಸಿಬ್ಬಂದಿ, ಗೋಡೆಗಳ ಮೇಲಿನ ಕ್ಯಾಮರಾಗಳು ಇಂದು ಪ್ರತಿಯೊಂದು ದೊಡ್ಡ ಪಂದ್ಯದ ಅಂಗವಾಗಿವೆ. ಸಾಲಿನಲ್ಲಿ ನಿಂತು ಬೇಸತ್ತ ಪ್ರೇಕ್ಷಕ ಪೇದೆಯ ಮೇಲೆ ಸಿಡುಕುವುದುಂಟು. ಲಾಹೋರಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಕಾವಲಿನವರೆಂಬುದನ್ನೂ, ಬೆಂಗಳೂರಿನಲ್ಲಿ ಗಾಯಗೊಂಡವರಲ್ಲಿ ಪೊಲೀಸರಿದ್ದರೆಂಬುದನ್ನೂ ಆಗ ನೆನೆಯಬೇಕು. ಕಾವಲೆಂದರೆ ಬಾಂಬಿನ ಶೋಧನೆ ಮಾತ್ರವೂ ಅಲ್ಲ. 2025ರ ಜೂನ್ 4ರಂದು ಅದೇ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ, ಬೆಂಗಳೂರು ತಂಡದ ವಿಜಯೋತ್ಸವಕ್ಕೆ ಸೇರಿದ ಜನಸಂದಣಿಯ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅಲ್ಲಿ ಯಾವ ಶತ್ರುವೂ ಇರಲಿಲ್ಲ. ಸೇರುವ ಜನರ ಪ್ರಾಣಕ್ಕೆ ಹೊಣೆ ಹೊರುವುದೇ ಯಾವ ಕ್ರೀಡೋತ್ಸವಕ್ಕೂ ಮೊದಲ ನಿಯಮ ಎಂಬುದನ್ನು ಆ ದುರಂತವೂ ತಿಳಿಸಿತು.

ಗೋಡೆ, ಬೇಲಿ, ಕ್ಯಾಮರಾಗಳು ಹಿಂಸೆಯನ್ನು ಬಾಗಿಲಲ್ಲಿ ತಡೆಯಬಲ್ಲವು. ಅದು ಮನಸ್ಸಿನಲ್ಲಿ ಹುಟ್ಟುವುದನ್ನು ತಡೆಯಲಾರವು. ಬಾಂಬು ತಯಾರಾಗುವುದಕ್ಕೆ ಬಹಳ ಮೊದಲು ಒಂದು ಮಾತು ತಯಾರಾಗಿರುತ್ತದೆ: ಅವರು ನಮ್ಮವರಲ್ಲ, ಅವರಿಗೆ ಇಲ್ಲಿ ಜಾಗವಿಲ್ಲ ಎಂಬ ಮಾತು. ಅದು ಮನೆಯಲ್ಲಿ, ಬೀದಿಯಲ್ಲಿ, ಶಾಲೆಯ ಬಯಲಿನಲ್ಲಿ ಮೊದಲು ಮೆಲ್ಲಗೆ ಕೇಳಿಬರುತ್ತದೆ. ಅದನ್ನು ಅಲ್ಲಿಯೇ ತಡೆಯುವ ಕೆಲಸ ಯಾವ ಪೊಲೀಸ್ ಪಡೆಗೂ ಸಾಧ್ಯವಿಲ್ಲ. ಆಡುವ ಮಕ್ಕಳಿಂದ ಸಾಧ್ಯ.

ಶೆಟ್ಟಿಹಳ್ಳಿಯ ಬಯಲಿನಲ್ಲಿ ಕತ್ತಲಾಗುವ ಹೊತ್ತಿಗೆ ಚೆಂಡು ಕಾಣದಂತಾಗುತ್ತದೆ. ಸೋತವರು ಗೊಣಗುತ್ತಲೇ ಕೋಲುಗಳನ್ನು ಕಿತ್ತು ಹೆಗಲಿಗೇರಿಸುತ್ತಾರೆ. ಗೆದ್ದವರು ಹಾಸ್ಯ ಮಾಡುತ್ತಾರೆ. ಮನೆಯ ದಾರಿಯಲ್ಲಿ ಎರಡು ತಂಡಗಳೂ ಬೆರೆತು ಒಂದೇ ಗುಂಪಾಗುತ್ತವೆ. ತಿರುವಿನಲ್ಲಿ ಬೇರೆಯಾಗುವಾಗ ಅವರು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: "ನಾಳೆ ಬರುತ್ತೀಯಲ್ಲ?"

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. 1972ರ ಒಲಿಂಪಿಕ್ ಕ್ರೀಡೆಗಳು ಎಲ್ಲಿ ನಡೆದವು?
2. ಲಾಹೋರಿನಲ್ಲಿ ಶ್ರೀಲಂಕಾದ ಆಟಗಾರರ ಬಸ್ಸನ್ನು ಕಾಪಾಡಿದವರು ಯಾರು?
3. 2010ರ ಏಪ್ರಿಲ್ 17ರಂದು ಬೆಂಗಳೂರು ತಂಡದ ನಾಯಕರು ಯಾರಾಗಿದ್ದರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಉಗ್ರವಾದಿಗಳು ಕ್ರೀಡಾಕೂಟಗಳನ್ನು ಗುರಿಯಾಗಿಸಿಕೊಳ್ಳಲು ಕಾರಣಗಳೇನು?
2. ಅಗೆದ ಪಿಚ್ಚಿಗೆ ದೊರೆತ ಎರಡು ಉತ್ತರಗಳು ಯಾವುವು?
3. ಕಾನೂನಿನ ದಾರಿಗೂ ಉಗ್ರವಾದಿಯ ದಾರಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.

ಇ) ತರಗತಿಯಲ್ಲಿ ಚರ್ಚಿಸಿರಿ.
ದಾಳಿ ನಡೆದ ಮೇಲೆ ಪಂದ್ಯವನ್ನು ಮುಂದುವರಿಸಬೇಕೆ, ನಿಲ್ಲಿಸಬೇಕೆ? ಎರಡೂ ಪಕ್ಷಗಳ ವಾದಗಳನ್ನು ಬರೆದು, ನಿಮ್ಮ ಅಭಿಪ್ರಾಯಕ್ಕೆ ಕಾರಣ ಕೊಡಿರಿ.